ಉಸಿರಾಡು, ಉಸುರು: ಒಂದು ಧಾತುವಿನ ಅರ್ಥವಿಭಜನೆ

ಇಂದಿನ ಕನ್ನಡದಲ್ಲಿ ‘ಉಸಿರಾಡು’ ಎಂಬುದು ದೇಹಕ್ಕೆ ಸಂಬಂಧಿಸಿದ ಕ್ರಿಯಾಪದ. ‘ಉಸುರು’ ಎಂಬುದು ಮಾತಿಗೆ ಸಂಬಂಧಿಸಿದ್ದು. ಮೊದಲನೆಯದು ಎಲ್ಲರ ಬಾಯಲ್ಲಿದೆ. ಎರಡನೆಯದು ‘ಕಿವಿಯಲ್ಲಿ ಉಸುರಿದನು’ ಎಂಬಂತಹ ಬರವಣಿಗೆಯಲ್ಲಿ ಉಳಿದಿದೆ. ಹೀಗಾಗಿ ಎರಡನೆಯದನ್ನು ಕವಿಸಮಯದ ಪದವೆಂದು ಬದಿಗಿಡುವುದು ಸುಲಭವಾಗಿದೆ. ಈ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾದುದು. ಹಳಗನ್ನಡದ ‘ಉಸಿರ್’ ನಾಮಪದವೂ ಹೌದು, ಧಾತುವೂ ಹೌದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಈ ಧಾತುವಿಗೆ ಶ್ವಾಸಿಸು, ಹೇಳು ಎಂಬ ಎರಡೂ ಅರ್ಥಗಳನ್ನು ನೀಡುತ್ತದೆ.

ನಿಷ್ಪತ್ತಿಯ ಪ್ರಶ್ನೆ ಅಷ್ಟು ತೊಡಕಿನದಲ್ಲ. ಸಂಸ್ಕೃತದ ‘ಉಚ್ಛ್ವಾಸ’ದೊಡನೆ ಇರುವ ಧ್ವನಿಸಾಮ್ಯ ಮೇಲುನೋಟದ್ದು. ತಮಿಳಿನ ‘ಉಯಿರ್’, ತೆಲುಗಿನ ‘ಉಸುರು’, ತುಳುವಿನ ‘ಉಸುಲು’ ಇದರ ಸಜಾತಿಗಳು. ತಮಿಳಿನ ಯಕಾರದ ಎಡೆಯಲ್ಲಿ ಕನ್ನಡದ ಸಕಾರವಿರುವುದು ಪೆಯರ್–ಪೆಸರ್, ವಯಿಱು–ಬಸಿಱ್ ಜೋಡಿಗಳಲ್ಲಿಯೂ ಕಾಣುತ್ತದೆ. ತಮಿಳಿನಲ್ಲಿ ‘ಉಯಿರ್’ ಪ್ರಾಣವಾಯಿತು, ಸ್ವರಾಕ್ಷರದ ಹೆಸರೂ ಆಯಿತು. ಕನ್ನಡದಲ್ಲಿ ಅದು ನುಡಿಯುವ ಕ್ರಿಯೆಯತ್ತ ಹರಿಯಿತು.

ಧಾತುವು ‘ಹೇಳು’ ಎಂಬ ಅರ್ಥದಲ್ಲಿ ನೆಲೆಗೊಂಡಂತೆ ದೇಹಕ್ರಿಯೆಯನ್ನು ಸೂಚಿಸುವ ಹೊಣೆ ‘ಉಸಿರಾಡು’ ಎಂಬ ಸಂಯುಕ್ತ ರೂಪಕ್ಕೆ ಬಂದಂತಿದೆ. ಇಲ್ಲಿಯ ‘ಆಡು’ ತೂಗಾಡು, ಓಲಾಡುಗಳಲ್ಲಿರುವಂತೆ ಹೋಗಿಬರುವ ಚಲನೆಯನ್ನು ಹೇಳುತ್ತದೆ. ಆದರೆ ‘ಆಡಿದ ಮಾತು’ ಎಂಬಲ್ಲಿ ಅದೇ ‘ಆಡು’ ನುಡಿಯುವುದೂ ಆಗಿದೆ! ಮಾತನ್ನು ಉಸಿರಿನಿಂದ ಬಿಡಿಸಲು ಬಂದ ಪದವೇ ಮಾತಿನ ನಂಟನ್ನು ಹೊತ್ತು ತಂದಿದೆ.

ನಿಘಂಟು ಕಾವ್ಯದಿಂದ ಹೆಕ್ಕಿ ಕೊಡುವ ಈ ಅರ್ಥವನ್ನು ಆಡುನುಡಿ ಎಂದೂ ಬಿಟ್ಟುಕೊಟ್ಟಿಲ್ಲ. ‘ಯಾರ ಮುಂದೆಯೂ ಉಸಿರು ಬಿಡಬೇಡ’, ‘ಅತ್ತೆಯ ಎದುರು ಸೊಸೆ ಉಸಿರೆತ್ತಲಿಲ್ಲ’ ಎಂಬ ಮಾತುಗಳಲ್ಲಿ ಉಸಿರೆಂದರೆ ಸೊಲ್ಲು. ‘ಉಸಿರೆತ್ತು’ ಎಂಬುದರ ಬದಲು ‘ಸೊಲ್ಲೆತ್ತು’ ಎಂದರೂ ಅರ್ಥ ಕೆಡದು. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಕಾವ್ಯದ ‘ಉಸುರು’ ಯಾವ ಸಂದರ್ಭದಲ್ಲಾದರೂ ‘ಹೇಳು’ ಎಂದಾಗಬಲ್ಲದು. ಜನಪದರ ‘ಉಸಿರೆತ್ತು’ ಹೆಚ್ಚಾಗಿ ನಿಷೇಧದಲ್ಲಿ, ಬೆದರಿಕೆಯಲ್ಲಿ ಬರುತ್ತದೆ. ಸೊಸೆ, ಜೀತದಾಳು, ಮಗು ಇವರೇ ಸಾಮಾನ್ಯವಾಗಿ ಅದರ ಕರ್ತೃಗಳು. ಒಡೆಯನು ಆಳಿನ ಮುಂದೆ ಉಸಿರೆತ್ತಲಿಲ್ಲವೆಂದರೆ ಕೇಳುವವರು ನಕ್ಕಾರು. ಮಾತಿನ ಅತಿ ಕಿರಿದಾದ ರೂಪವನ್ನೂ ತಡೆಯುವ ಅಧಿಕಾರವನ್ನು ಈ ನುಡಿಗಟ್ಟು ದಾಖಲಿಸುತ್ತದೆ. ಇದನ್ನು ಮೂಲಧಾತುವಿನಿಂದ ಬೇರ್ಪಡಿಸಿ ನುಡಿಗಟ್ಟುಗಳ ಪಟ್ಟಿಗೆ ಸೇರಿಸಿದರೆ ಈ ಸಾಮಾಜಿಕ ಅರ್ಥ ಕೈತಪ್ಪುತ್ತದೆ.

ಶಬ್ದಮಣಿದರ್ಪಣದ ಕೇಶಿರಾಜನು ಗಾಳಿಯ ನೆರವಿನಿಂದ, ಜೀವದ ಇಚ್ಛೆಯಿಂದ, ನಾಭಿಮೂಲದಲ್ಲಿ ಕಹಳೆಯ ಹಾಗೆ ಶಬ್ದದ್ರವ್ಯ ಹುಟ್ಟುತ್ತದೆ ಎನ್ನುತ್ತಾನೆ. ಶಾಸ್ತ್ರವು ಉಸಿರು ಮಾತಾಗುವ ಬಗೆಯನ್ನು ವಿವರಿಸಿತು. ಆ ಉಸಿರನ್ನು ಎತ್ತುವ ಹಕ್ಕು ಯಾರದೆಂಬುದನ್ನು ಆಡುನುಡಿ ನೆನಪಿಟ್ಟಿತು. ಮಂಟೇಸ್ವಾಮಿ ಕಾವ್ಯದ ಗಾಯನದಲ್ಲಿ ಮುಖ್ಯ ಗಾಯಕನು ಒಂದು ಗಳಿಗೆ ದಣಿವಾರಿಸಿಕೊಳ್ಳುವಾಗ ಹಿಮ್ಮೇಳದವರು ಎತ್ತಿಕೊಳ್ಳುವ ಸಾಲಿಗೂ ‘ಸೊಲ್ಲು’ ಎಂದೇ ಹೆಸರು.