ಸೌರಮಾರುತವೂ ಭೂಕಾಂತಕ್ಷೋಭೆಯೂ: ಕಾರಣವಿಚಾರದ ವಿಮರ್ಶೆ

ಸೂರ್ಯನಿಂದ ಹೊಮ್ಮುವ ಕಣಪ್ರವಾಹವಾದ ಸೌರಮಾರುತವು ಭೂಮಿಯ ಕಾಂತಗೋಳವನ್ನು ಬಡಿಯುವುದರಿಂದ ಅಲ್ಲಿ ಕ್ಷೋಭೆಗಳು ಹುಟ್ಟುವುವೆಂದು ಬರೆಯುವುದು ರೂಢಿಯಾಗಿದೆ. ಈ ಮಾತು ಸುಳ್ಳಲ್ಲ. ಆದರೆ ಇದರಲ್ಲಿ ಮೂಲಕಾರಣವೂ ನಿಮಿತ್ತಕಾರಣವೂ ಬೆರೆತುಹೋಗಿವೆ. ಇವನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

೧೮೫೯ನೆಯ ಸೆಪ್ಟೆಂಬರ್ ೧ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಅವರು ಸೂರ್ಯಬಿಂಬದ ಮೇಲೆ ಹಠಾತ್ತಾದ ಒಂದು ಪ್ರಭೆಯನ್ನು ಕಂಡರು. ೧೭ ಗಂಟೆಗಳಿಗೆ ಮೇಲ್ಪಟ್ಟು ಕಳೆಯಲು ಭೂಮಿಯ ಕಾಂತಸೂಚಿಗಳು ತೀವ್ರವಾಗಿ ಕಂಪಿಸಿದುವು. ಆದರೂ ೧೮೯೨ರಲ್ಲಿ ಲಾರ್ಡ್ ಕೆಲ್ವಿನ್ ಅವರು ಇಂತಹ ಸಂಬಂಧವನ್ನು ನಿರಾಕರಿಸಿದರು. ೧೮೮೫ರ ಒಂದು ಕ್ಷೋಭೆಯನ್ನು ಸೂರ್ಯನೇ ಉಂಟುಮಾಡಬೇಕಾದರೆ, ೪ ತಿಂಗಳಲ್ಲಿ ಬೆಳಕು ಶಾಖಗಳಾಗಿ ಚೆಲ್ಲುವಷ್ಟು ಶಕ್ತಿಯನ್ನು ೮ ಗಂಟೆಗಳಲ್ಲಿ ವ್ಯಯಿಸಬೇಕಾಗುವುದೆಂಬುದು ಅವರ ವಾದ. ದೋಷವಿದ್ದುದು ಗಣಿತದಲ್ಲಲ್ಲ, ಆಧಾರಕಲ್ಪನೆಯಲ್ಲಿ. ಸೂರ್ಯನ ಕಾಂತಪ್ರಭಾವವು ಎಲ್ಲ ದಿಕ್ಕಿಗೂ ಹರಡುವುದೆಂದು ಅವರು ಎಣಿಸಿದ್ದರು. ಕಣಪ್ರವಾಹವು ಅದನ್ನು ಹೊತ್ತು ತರುವ ಬಗೆಯು ಅವರ ಲೆಕ್ಕದಲ್ಲಿರಲಿಲ್ಲ. ಆ ಪ್ರವಾಹವನ್ನು ೧೯೫೮ರಲ್ಲಿ ಪಾರ್ಕರ್ ಅವರು ಸಿದ್ಧಾಂತದಿಂದ ನಿರೂಪಿಸಿದರು; ೧೯೬೨ರಲ್ಲಿ ಮ್ಯಾರಿನರ್-೨ ಎಂಬ ನೌಕೆಯು ಪ್ರತ್ಯಕ್ಷವಾಗಿ ಅಳೆಯಿತು.

ಇನ್ನು ಶಕ್ತಿಯ ಪ್ರವೇಶಕ್ರಮ. ಕಾಂತಗೋಳದ ಹಗಲುಮುಖದ ಎಲ್ಲೆಯಲ್ಲಿ ಭೂಮಿಯ ಕಾಂತರೇಖೆಗಳು ಉತ್ತರಾಭಿಮುಖವಾಗಿವೆ. ಮಾರುತವು ಹೊತ್ತು ತಂದ ಕ್ಷೇತ್ರವು ದಕ್ಷಿಣಾಭಿಮುಖವಾದಾಗ ಎರಡರ ರೇಖೆಗಳೂ ಕೂಡಿಕೊಂಡು ದ್ವಾರ ತೆರೆಯುವುದೆಂದು ೧೯೬೧ರಲ್ಲಿ ಡಂಜಿ ಅವರು ಪ್ರತಿಪಾದಿಸಿದರು. ಹೀಗೆ ಹೊಕ್ಕ ಶಕ್ತಿಯು ಇರುಳ ಕಡೆಗೆ ಚಾಚಿದ ಕಾಂತಪುಚ್ಛದಲ್ಲಿ ಶೇಖರವಾಗುವುದು. ಕ್ಷೇತ್ರವು ಉತ್ತರಾಭಿಮುಖವಾಗಿದ್ದರೆ ರಭಸದ ಮಾರುತವೂ ಬಹುಮಟ್ಟಿಗೆ ಕಾಂತಗೋಳವನ್ನು ಅದುಮುವುದೇ ಹೊರತು ಮಹಾಕ್ಷೋಭೆಯನ್ನು ಎಬ್ಬಿಸದು. ಆದಕಾರಣ ಹೊಡೆತದ ಬಲವೊಂದನ್ನೇ ಹೇಳಿ ದಿಕ್ಕನ್ನು ಹೇಳದ ವಿವರಣೆಯು ಅಪೂರ್ಣವೇ ಸರಿ.

ಶೇಖರವಾದ ಶಕ್ತಿಯು ಥಟ್ಟನೆ ಬಿಡುಗಡೆಯಾಗಿ ಧ್ರುವಪ್ರಭೆಯು ಭುಗಿಲೇಳುವ ಉಪಕ್ಷೋಭೆಯನ್ನು ೧೯೬೪ರಲ್ಲಿ ಅಕಾಸೊಫು ಅವರು ವರ್ಣಿಸಿದರು. ಆ ಕ್ಷಣವನ್ನು ನಿರ್ಣಯಿಸುವುದು ಯಾವುದು? ದಕ್ಷಿಣಕ್ಕಿದ್ದ ಕ್ಷೇತ್ರವು ಉತ್ತರಕ್ಕೆ ತಿರುಗುವುದೇ ನಿಮಿತ್ತವೆಂದು ಕೆಲವರ ಪಕ್ಷ. ಅಂತಹ ತಿರುವಿನ ಬೆನ್ನಲ್ಲೇ ಅನೇಕ ಉಪಕ್ಷೋಭೆಗಳು ಕಂಡುಬಂದಿರುವುದು ನಿಜ. ಆದರೆ ಮಾರುತದ ಕ್ಷೇತ್ರವು ಸದಾ ಚಂಚಲವಾದುದು. ಕೆಲಕಾಲ ದಕ್ಷಿಣಕ್ಕಿದ್ದುದು ಮತ್ತೆ ಉತ್ತರಕ್ಕೆ ತಿರುಗುವುದು ಹೇಗೂ ಸಹಜ. ತಿರುವೇ ಇಲ್ಲದೆಯೂ ಉಪಕ್ಷೋಭೆಗಳು ಎದ್ದಿವೆ. ಆದುದರಿಂದ ಬರಿಯ ಪೂರ್ವಾಪರದಿಂದ ಕಾರ್ಯಕಾರಣಭಾವವನ್ನು ಸಾಧಿಸಹೊರಡುವುದು ಕಾಕತಾಳೀಯವನ್ನು ಪ್ರಮಾಣವೆಂದು ಬಗೆದಂತೆ. ಆಕಸ್ಮಿಕವಾಗಿ ಆಗಬಹುದಾದಷ್ಟಕ್ಕಿಂತ ಎಷ್ಟು ಹೆಚ್ಚು ಸಲ ಇವೆರಡೂ ಕೂಡಿಬರುತ್ತವೆಂಬುದನ್ನು ಎಣಿಸಿ ತೋರಿಸುವುದು ಆ ಪಕ್ಷದವರ ಹೊಣೆ.

ಇದು ಕೇವಲ ಶುಷ್ಕತರ್ಕವಲ್ಲ. ೧೯೮೯ನೆಯ ಮಾರ್ಚ್ ೧೩ರ ಕ್ಷೋಭೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲವು ಸುಮಾರು ೯೦ ಸೆಕೆಂಡುಗಳಲ್ಲಿ ಕುಸಿದು, ೬೦ ಲಕ್ಷ ಜನರು ೯ ಗಂಟೆಗಳ ಕಾಲ ಕತ್ತಲೆಯಲ್ಲಿದ್ದರು. ಇಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ, ಮಾರುತವನ್ನು ಅಳೆಯುವ ನೌಕೆಗಳಿವೆ. ೨೦೨೪ರ ಜನವರಿಯಲ್ಲಿ ನಮ್ಮ ಆದಿತ್ಯ-ಎಲ್೧ ಸಹ ಅಲ್ಲಿ ಸೇರಿತು. ಮಾರುತವು ಅಲ್ಲಿಂದ ಇಲ್ಲಿಗೆ ಬರಲು ಸುಮಾರು ಒಂದು ಗಂಟೆ ಸಾಕು. ನಿಮಿತ್ತವು ಮಾರುತದಲ್ಲಿಯೇ ಇದ್ದರೆ ಈ ಕಾವಲುಗಾರರು ಸ್ಫೋಟದ ಕ್ಷಣವನ್ನೂ ಮುಂದಾಗಿ ಹೇಳಬಲ್ಲರು. ಅದು ಕಾಂತಪುಚ್ಛದೊಳಗೇ ಇದ್ದರೆ ಶಕ್ತಿಯು ತುಂಬುತ್ತಿದೆಯೆಂದಷ್ಟೇ ಎಚ್ಚರಿಸಬಲ್ಲರು.

ನಮ್ಮ ಮತದಲ್ಲಿ ಮಾರುತವು ಶಕ್ತಿಯ ದಾತೃ. ಬಿಡುಗಡೆಯ ಮುಹೂರ್ತವನ್ನು ಇಡುವುದು ಬಹುಸಲ ಕಾಂತಗೋಳವೇ. ಸಂಬಂಧವಿದ್ದುದನ್ನು ಕೆಲ್ವಿನ್ ಅವರು ಇಲ್ಲವೆಂದರು. ಇರುವುದಕ್ಕಿಂತ ಹೆಚ್ಚಿನ ಸಂಬಂಧವನ್ನು ಕಾಣುವ ತಪ್ಪು ನಮ್ಮದಾಗದಿರಲಿ.