ಹೆಸರು ಮೈದಾನದ್ದು, ಜಾಮೀನು ಯಾರದ್ದು?

ಪುಣೆಯ ಹೊರವಲಯದ ಗಹುಂಜೆಯಲ್ಲಿ, ಮುಂಬೈಗೆ ಹೋಗುವ ಎಕ್ಸ್‌ಪ್ರೆಸ್‌ವೇ ಮಗ್ಗುಲಿಗೆ ಒಂದು ಕ್ರಿಕೆಟ್ ಕ್ರೀಡಾಂಗಣವಿದೆ. 2012ರ ಏಪ್ರಿಲ್ 1ರಂದು ಉದ್ಘಾಟನೆಯಾದಾಗ ಅದಕ್ಕಿದ್ದ ಹೆಸರು ಸುಬ್ರತ ರಾಯ್ ಸಹಾರಾ ಸ್ಟೇಡಿಯಂ. ಮರುವರ್ಷವೇ ಆ ಹೆಸರು ಕಳಚಿತು. ಸಹಾರಾ ಗುಂಪಿನವರು ಕೊಡುತ್ತೇವೆಂದು ಒಪ್ಪಿದ್ದ ದುಡ್ಡಿನ ದೊಡ್ಡ ಪಾಲು ಬಂದಿರಲಿಲ್ಲ, ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ ಹೆಸರು ತೆಗೆಯಿತು. ಕೊಟ್ಟ ಮಾತು ಉಳಿಸಿಕೊಳ್ಳದವನ ಹೆಸರು ಗೋಡೆಯ ಮೇಲೆ ಯಾಕಿರಬೇಕು ಎಂದು ಆಗ ಎಲ್ಲರೂ ಒಪ್ಪಿದರು. ನನ್ನ ತಕರಾರು ಹೆಸರು ಇಳಿಸಿದ್ದಕ್ಕಲ್ಲ, ಇಳಿಸಲು ಕೊಟ್ಟ ಕಾರಣಕ್ಕೆ.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಸಹಾರಾದ ಎರಡು ಕಂಪನಿಗಳು ಜನರಿಂದ ಹಣ ಎತ್ತಬಾರದೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ತಡೆ ಹಾಕಿದ್ದು 2010ರ ನವೆಂಬರ್‌ನಲ್ಲಿ. ಎತ್ತಿದ್ದನ್ನು ಮರಳಿಸಿ ಎಂದು ಆದೇಶ ಹೊರಡಿಸಿದ್ದು 2011ರ ಜೂನ್‌ನಲ್ಲಿ. ಅದಾಗಿ ಹತ್ತು ತಿಂಗಳೊಳಗೆ ಗಹುಂಜೆಯಲ್ಲಿ ನಾಮಫಲಕ ಏರಿತು. ಸುಮಾರು 24,000 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಹಿಂತಿರುಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅಂದರೆ ಫಲಕ ಏರಿಸಿದವರಿಗೆ ಸೆಬಿಯ ಎರಡೂ ಆದೇಶಗಳು ಗೊತ್ತಿದ್ದವು. ಠೇವಣಿದಾರರ ದುಡ್ಡು ಸಿಕ್ಕಿಬಿದ್ದಿದೆ ಎಂಬ ಸುದ್ದಿಗೆ ಹೆಸರು ಕದಲಲಿಲ್ಲ, ತಮ್ಮ ಕಂತು ಬರದಿದ್ದಾಗ ಕದಲಿತು.

ನಮ್ಮ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಸಂತೆಪೇಟೆಗಳಲ್ಲಿ ಪಿಗ್ಮಿ ಕಟ್ಟುವವರನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪಿಗ್ಮಿ ಏಜೆಂಟ್ ಬರುತ್ತಾನೆ; ಕಾಯಿಪಲ್ಲೆ ಮಾರುವಾಕೆ ಗಲ್ಲೆಯೊಳಗಿಂದ ಐವತ್ತೋ ನೂರೋ ತೆಗೆದು ಕೊಡುತ್ತಾಳೆ; ಅವನು ಚೀಟಿ ಹರಿದು ಕೊಡುತ್ತಾನೆ. ಆಕೆ ಕಂಪನಿಯ ಲೆಕ್ಕಪತ್ರ ಓದುವುದಿಲ್ಲ. ಮುಖ ನೋಡುತ್ತಾಳೆ, ಹೆಸರು ನೋಡುತ್ತಾಳೆ. ಸಹಾರಾ ದೇಶದ ತುಂಬ ಹಣ ಎತ್ತಿದ್ದು ಇಂಥ ಸಣ್ಣ ಕೈಗಳಿಂದಲೇ. 2001ರಿಂದ 2013ರವರೆಗೆ ಭಾರತ ಕ್ರಿಕೆಟ್ ತಂಡದ ಎದೆಯ ಮೇಲಿದ್ದದ್ದು ಅದೇ ಹೆಸರು. ಸಚಿನ್ ತೆಂಡೂಲ್ಕರ್ ತೊಟ್ಟ ಅಂಗಿಗಿಂತ ದೊಡ್ಡ ಜಾಮೀನು ಹಳ್ಳಿಯಲ್ಲಿ ಯಾರು ಕೇಳುತ್ತಾರೆ? ಸಹಾರಾ ಸಹಕಾರ ಸಂಘಗಳ ಠೇವಣಿದಾರರಿಗಾಗಿ ಕೇಂದ್ರ ಸರ್ಕಾರ ಮರುಪಾವತಿ ಪೋರ್ಟಲ್ ತೆರೆದದ್ದು 2023ರ ಜುಲೈನಲ್ಲಿ. ಮೊದಲ ಹಂತದಲ್ಲಿ ಒಬ್ಬರಿಗೆ ಸಿಗುವ ಗರಿಷ್ಠ ಮೊತ್ತ ಹತ್ತು ಸಾವಿರ ರೂಪಾಯಿ. ಆ ಹೊತ್ತಿಗೆ ಅಂಗಿಯ ಮೇಲೆ ಬೇರೆ ಕಂಪನಿಗಳು ಬಂದು ಹೋಗಿದ್ದವು.

ಕ್ರೀಡಾಂಗಣದ ಹೆಸರು ಮಾರುವುದನ್ನು ನಾವು ಸಾಮಾನ್ಯವಾಗಿ ಒಂದೇ ದಿಕ್ಕಿನಿಂದ ನೋಡುತ್ತೇವೆ. ಕಂಪನಿ ದುಡ್ಡು ಕೊಡುತ್ತದೆ, ಮೈದಾನಕ್ಕೆ ಹುಲ್ಲು, ದೀಪ, ಕುರ್ಚಿ ಬರುತ್ತವೆ. ದುಡ್ಡು ಕೊಟ್ಟಾರ, ಹೆಸರು ಹಾಕ್ಸ್ಯಾರ, ಅದರಾಗ ತಪ್ಪೇನೈತಿ ಎಂದು ಕೇಳುವವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಮೈದಾನವೂ ಏನನ್ನೋ ಕೊಡುತ್ತದೆ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಕೊಡುವುದು ಜನರ ವಿಶ್ವಾಸವನ್ನು. ಸೊಲ್ಲಾಪುರ ದಾಟಿ ಗಾರೆ ಕೆಲಸಕ್ಕೆ ಹೋದ ನಮ್ಮ ಹುಡುಗ ಗೆಳೆಯರ ಜೊತೆ ಮ್ಯಾಚ್ ನೋಡುವಾಗ ಆ ಹೆಸರನ್ನು ಸಾವಿರ ಸಲ ಕೇಳುತ್ತಾನೆ, ಗೆದ್ದ ಖುಷಿಯ ಜೊತೆಗೇ ಕೇಳುತ್ತಾನೆ. ಕಂಪನಿ ಕೊಳ್ಳುವುದು ಆ ಖುಷಿಯನ್ನು.

ಇದನ್ನು ನಿಚ್ಚಳವಾಗಿ ತೋರಿಸಿಕೊಟ್ಟದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್. ಅಲ್ಲಿನ ಫುಟ್‌ಬಾಲ್ ಮೈದಾನದ ಹೆಸರು ಸೇಂಟ್ ಜೇಮ್ಸ್ ಪಾರ್ಕ್. ಕ್ಲಬ್ಬಿನ ಮಾಲೀಕ ಮೈಕ್ ಆಶ್ಲೆ 2011ರ ನವೆಂಬರ್‌ನಲ್ಲಿ ಅದಕ್ಕೆ ತನ್ನದೇ ಅಂಗಡಿಯ ಹೆಸರಿಟ್ಟು ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ ಎಂದ. ಊರು ಕೆರಳಿತು. ಒಂದು ವರ್ಷದೊಳಗೆ ವೊಂಗಾ ಎಂಬ ಸಾಲದ ಕಂಪನಿ ಬಂದು ಪ್ರಾಯೋಜಕತ್ವದ ಜೊತೆಗೆ ಹೆಸರಿನ ಹಕ್ಕನ್ನೂ ಕೊಂಡಿತು. ಕೊಂಡು ಮಾಡಿದ್ದೇನು? ಹಳೆಯ ಹೆಸರನ್ನು ವಾಪಸು ಕೊಟ್ಟಿತು. ಇಂಥ ಜಾಣತನ ನಾನು ಬೇರೆಲ್ಲೂ ನೋಡಿಲ್ಲ. ವೊಂಗಾ ಮಾಡುತ್ತಿದ್ದದ್ದು ನಮ್ಮಲ್ಲಿ ಮೀಟರ್ ಬಡ್ಡಿ ಎನ್ನುವ ದಂಧೆಯನ್ನೇ. ಸಂಬಳದ ದಿನದವರೆಗೆ ಸಣ್ಣ ಸಾಲ, ವರ್ಷದ ಲೆಕ್ಕಕ್ಕೆ ಶೇಕಡಾ ಐದು ಸಾವಿರ ದಾಟುವ ಬಡ್ಡಿ. ತನ್ನ ಹೆಸರನ್ನು ಗೋಡೆಯ ಮೇಲೆ ಬರೆಯಿಸದೆಯೇ ಅದು ಗೋಡೆ ಬರೆಯಿಸಿದವರಿಗಿಂತ ಹೆಚ್ಚು ಪುಣ್ಯ ಕಟ್ಟಿಕೊಂಡಿತು. ಆ ತಂಡದ ಮುಸ್ಲಿಂ ಆಟಗಾರ ಪಾಪಿಸ್ ಸಿಸ್ಸೆ ಬಡ್ಡಿ ವ್ಯಾಪಾರದ ಹೆಸರಿರುವ ಅಂಗಿ ತೊಡಲು ಮೊದಮೊದಲು ಒಪ್ಪಲಿಲ್ಲ, ಕೊನೆಗೆ ತೊಟ್ಟ. 2018ರ ಆಗಸ್ಟ್‌ನಲ್ಲಿ ವೊಂಗಾ ಮುಳುಗಿತು.

ನಮ್ಮ ಬೆಂಗಳೂರಿನದೂ ಒಂದು ಪಾಲಿದೆ ಈ ಕತೆಯಲ್ಲಿ, ಅದೂ ಫುಟ್‌ಬಾಲಿನಲ್ಲೇ. 1998ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ಕೋಲ್ಕತ್ತದ ಬದ್ಧವೈರಿಗಳಾದ ಎರಡೂ ಕ್ಲಬ್ಬುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಒಂದು ಕಡೆ ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್, ಇನ್ನೊಂದು ಕಡೆ ಮೆಕ್‌ಡೊವೆಲ್ ಮೋಹನ್ ಬಾಗಾನ್. ಯಾರು ಗೆದ್ದರೂ ಗೆಲ್ಲುವುದು ಒಂದೇ ಮನೆಯ ಬಾಟಲಿ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು, ನೌಕರರು ಸಂಬಳಕ್ಕಾಗಿ ಬೀದಿಗೆ ಬಂದರು, 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಇಷ್ಟಾದ ಮೇಲೂ ಈಸ್ಟ್ ಬೆಂಗಾಲ್ ತಂಡ ಕಿಂಗ್‌ಫಿಷರ್ ಹೆಸರು ಹೊತ್ತೇ ಮೈದಾನಕ್ಕೆ ಇಳಿಯುತ್ತಿತ್ತು. ಬಿಯರಿನ ಕಂಪನಿ ಬೇರೆ, ವಿಮಾನದ ಕಂಪನಿ ಬೇರೆ ಎಂದು ವಕೀಲರು ಹೇಳಬಹುದು, ಕಾನೂನಿನ ಕಣ್ಣಲ್ಲಿ ಅದು ಸರಿಯೂ ಹೌದು. ಆದರೆ ಎರಡರ ಮೇಲೂ ಇದ್ದದ್ದು ಒಂದೇ ಮಿಂಚುಳ್ಳಿ.

ಅದೇ ಮೋಹನ್ ಬಾಗಾನ್ ಅಭಿಮಾನಿಗಳು ಮಾತ್ರ ಒಂದು ಪಾಠ ಕಲಿಸಿದರು. 2020ರಲ್ಲಿ ಎಟಿಕೆ ಎಂಬ ಇನ್ನೊಂದು ತಂಡದ ಜೊತೆ ಸೇರಿ ತಂಡದ ಹೆಸರು ಎಟಿಕೆ ಮೋಹನ್ ಬಾಗಾನ್ ಆಯಿತು. ಆ ಮೂರಕ್ಷರ ಕಿತ್ತು ಹಾಕಿ ಎಂದು ಅಭಿಮಾನಿಗಳು ಹಟ ಹಿಡಿದರು. 2023ರ ಮಾರ್ಚ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ತೆಗೆಯುವುದಾಗಿ ಸಾರಿದರು. ಸೋತವರ ನಾಡಿನವನಾಗಿಯೂ ಆ ಸುದ್ದಿಗೆ ನಾನು ಖುಷಿಪಟ್ಟೆ. ಅದರ ಜಾಗದಲ್ಲಿ ಸೂಪರ್ ಜೈಂಟ್ ಎಂಬ ಇನ್ನೊಂದು ಬಾಲ ಸೇರಿತು ಎನ್ನುವುದು ಬೇರೆ ಮಾತು.

ಜನ ಹಳೆಯ ಹೆಸರನ್ನೇ ಹೇಳುತ್ತಾರೆ, ಫಲಕದಿಂದ ಏನಾಗುತ್ತದೆ ಎಂಬ ವಾದವೊಂದಿದೆ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಸಾಕ್ಷಿ ಉಂಟು. ಕೃಷ್ಣೆಗೆ ಕಟ್ಟಿದ ಜಲಾಶಯದ ಅಧಿಕೃತ ಹೆಸರು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ; ಹೊಲದವನಿಂದ ಎಂಜಿನಿಯರ್‌ವರೆಗೆ ಎಲ್ಲರ ಬಾಯಲ್ಲೂ ಆಲಮಟ್ಟಿ. ಆದರೆ ಶಾಸ್ತ್ರಿಯವರಿಗೆ ಮಾರಲು ಸರಕೇನೂ ಇರಲಿಲ್ಲ. ಕಂಪನಿಗೆ ಊರಿನ ಬಾಯಿ ಬೇಕಿಲ್ಲ. ಟಿಕೆಟ್, ಟಿವಿ ಕಾಮೆಂಟರಿ, ಪತ್ರಿಕೆಯ ಕ್ರೀಡಾಪುಟ ಸಾಕು. ಯುರೋಪಿನ ಫುಟ್‌ಬಾಲ್ ಒಕ್ಕೂಟಕ್ಕೆ ಇದು ಚೆನ್ನಾಗಿ ಗೊತ್ತು. ತನ್ನ ಟೂರ್ನಿಗಳಿಗೆ ಮ್ಯೂನಿಕ್ಕಿನ ಅಲಿಯಾನ್ಸ್ ಅರೀನಾವನ್ನು ಬಳಸುವಾಗ ವಿಮಾ ಕಂಪನಿಯ ಹೆಸರನ್ನು ಬಿಟ್ಟು ಮ್ಯೂನಿಕ್ ಫುಟ್‌ಬಾಲ್ ಅರೀನಾ ಎನ್ನುತ್ತದೆ. ನೀತಿಯ ಕಾರಣಕ್ಕಲ್ಲ, ತನ್ನದೇ ಪ್ರಾಯೋಜಕರಿಗೆ ಅಡ್ಡಿಯಾಗಬಾರದೆಂದು.

ಕರ್ನಾಟಕದಲ್ಲಿ ಹೆಸರಿನ ಮಾರಾಟ ಮೈದಾನಕ್ಕಿಂತ ಮೊದಲು ಮೆಟ್ರೊಗೆ ಬಂದಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲಿ ಇನ್ಫೊಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬ ನಿಲ್ದಾಣಗಳಿವೆ. ಇನ್ಫೊಸಿಸ್ ಫೌಂಡೇಶನ್ ಕೊಡಲೊಪ್ಪಿದ್ದು 200 ಕೋಟಿ. ಊರಿನ ಹೆಸರು ಅಳಿಸಿಲ್ಲ, ಅದಕ್ಕೆ ಅಂಕ ಕೊಡೋಣ. ಊರು ಮಾತ್ರ ಕೊನೆಯಲ್ಲಿ ನಿಂತಿದೆ, ಕಂಪನಿ ಮುಂದೆ. ಇದಕ್ಕಿಂತ ತೂಕದ ಪ್ರಶ್ನೆ ಇನ್ನೊಂದಿದೆ. ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಿಎಸ್‌ಆರ್ ಹೆಸರಿನಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಮಾರುಕಟ್ಟೆಯ ಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಸಿಎಸ್‌ಆರ್ ನಿಯಮವೂ ಇದೆ. ಹೆಸರಿನ ಫಲಕ ಸೇವೆಯೋ ಜಾಹೀರಾತೋ? ಸಿಎಸ್‌ಆರ್ ಪ್ರತಿಷ್ಠಾನದ ಹೆಸರು ಬರೆದರೆ ನಿಯಮದ ಅಕ್ಷರ ಉಳಿಯುತ್ತದೆ. ರೈಲಿನಲ್ಲಿ ನಿಂತವನ ಕಿವಿಗೆ ಬೀಳುವುದು ಕಂಪನಿಯ ಹೆಸರೇ. ಇದನ್ನು ಕೊಳ್ಳುವವರಿಗಿಂತ ಮಾರುವವರು ಸ್ಪಷ್ಟಪಡಿಸಬೇಕು.

ಹೂವಿನ ಹಿಪ್ಪರಗಿಯ ಆಸುಪಾಸಿನ ಹಳ್ಳಿಗಳಿಗೆ ಇದೆಲ್ಲ ದೂರದ ಮಾತಲ್ಲ. ಹಿಂದೆ ಬಾಗೇವಾಡಿ ತಾಲ್ಲೂಕಿಗೇ ಸೇರಿದ್ದ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ವಿರುದ್ಧ ರೈತರು ಹೋರಾಡಿದಾಗ, 2014ರ ಜುಲೈನಲ್ಲಿ, ಪೊಲೀಸರು ಗುಂಡು ಹಾರಿಸಿದ್ದರು. ನಾಳೆ ಇಂಥದೇ ಒಂದು ಕಂಪನಿ ಈ ಹೋಬಳಿಯಲ್ಲಿ ಹುಡುಗರು ಆಡುವ ಗೋಮಾಳವನ್ನು ಸಮ ಮಾಡಿಸಿ, ಗೋಲ್ ಕಂಬ ನೆಟ್ಟು, ದೀಪ ಹಾಕಿಸಿ ತನ್ನ ಹೆಸರಿಡುತ್ತೇನೆ ಎಂದರೆ ಏನು ಹೇಳುವುದು? ಬೇಡ ಎನ್ನುವ ಹುಂಬತನ ನನಗಿಲ್ಲ. ಮೈದಾನವಿಲ್ಲದೆ ರಸ್ತೆಯಲ್ಲಿ ಆಡುವ ಹುಡುಗರಿಗೆ ಸ್ಥಾವರದ ಬೂದಿಯ ಮಾತು ಹೇಳಿ ದೀಪ ಆರಿಸುವುದು ನ್ಯಾಯವಲ್ಲ.

ಹೇಗೆ ಒಪ್ಪಬೇಕೆಂಬುದಕ್ಕೆ ಮಾದರಿ ನಮ್ಮ ಜಾತ್ರೆಯಲ್ಲೇ ಇದೆ. ಜಂಗಿ ಕುಸ್ತಿಗೋ ಭಾರ ಎತ್ತುವ ಸ್ಪರ್ಧೆಗೋ ಹಂಚುವ ಹ್ಯಾಂಡ್‌ಬಿಲ್ ತೆಗೆದು ನೋಡಿ. ಮೇಲೆ ದೇವರ ಹೆಸರು, ನಡುವೆ ಸ್ಪರ್ಧೆ, ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಥಮ ಬಹುಮಾನ ಇಂಥವರಿಂದ, ದ್ವಿತೀಯ ಇಂಥವರಿಂದ, ಬೆಳ್ಳಿ ಕಡಗ ಇಂಥ ರಸಗೊಬ್ಬರ ಅಂಗಡಿಯಿಂದ. ದುಡ್ಡು ಮೊದಲು ಪಂಚರ ಕೈಗೆ ಬರಬೇಕು, ಆಮೇಲೆ ಹೆಸರು ಅಚ್ಚಾಗುತ್ತದೆ. ಮುಂದಿನ ವರ್ಷ ಹೊಸ ಹ್ಯಾಂಡ್‌ಬಿಲ್. ನಡುವೆ ಅಂಗಡಿಯವನು ಕಳಪೆ ಬೀಜ ಮಾರಿ ಸಿಕ್ಕಿಬಿದ್ದಿದ್ದರೆ ಅವನ ಹೆಸರು ತಂತಾನೇ ಬಿಟ್ಟುಹೋಗುತ್ತದೆ, ಯಾವ ಕೋರ್ಟಿಗೂ ಹೋಗಬೇಕಿಲ್ಲ. ಕುಸ್ತಿ ಕಣಕ್ಕೆ ಯಾರೂ ಅಂಗಡಿಯ ಹೆಸರಿಡುವುದಿಲ್ಲ. ಜಾತಿ, ಪಾರ್ಟಿ, ಪಂಚರ ಮರ್ಜಿ ಇಲ್ಲೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಗಹುಂಜೆಯ ಕರಾರಿಗಿಂತ ಇದು ಎಷ್ಟೋ ಮೇಲು.

ಹಾಗಾಗಿ ಪಂಚಾಯಿತಿಯವರು ಗ್ರಾಮಸಭೆಯಲ್ಲಿ ಓದಿ ಹೇಳಿ ಒಪ್ಪಿಸಲಿ: ಹೆಸರು ಇಂತಿಷ್ಟು ವರ್ಷಕ್ಕೆ ಮಾತ್ರ, ದುಡ್ಡು ಮುಂಗಡ, ಊರಿನ ಹೆಸರು ಮುಂದೆ. ಕಂಪನಿಯ ಮೇಲೆ ಸಾಲ ಮುಳುಗಿಸಿದ, ಠೇವಣಿ ನುಂಗಿದ, ನೀರು ಕೆಡಿಸಿದ ಆದೇಶ ಬಂದರೆ ಕಂತು ಬಾಕಿ ಇರಲಿ ಬಿಡಲಿ ಫಲಕ ಇಳಿಯಬೇಕು, ಇಳಿಸುವ ಖರ್ಚು ಕಂಪನಿಯದೇ.

ಇಷ್ಟು ಷರತ್ತು ಹಾಕಿದ್ರ ಯಾವ ಕಂಪನಿ ಬರ್ತೈತಿ ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯೂ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿತು. ತಂಡಕ್ಕೆ ಊರಿನ ಹೆಸರಿಟ್ಟಿತೇ ಹೊರತು ತನ್ನದನ್ನಲ್ಲ. ಅದು ಆಡುವ ಸರ್ಕಾರಿ ಕ್ರೀಡಾಂಗಣಕ್ಕೆ ಈಗಲೂ ಹದಿನೇಳನೇ ಶತಮಾನದ ಮೈಸೂರು ದೊರೆ ಕಂಠೀರವ ನರಸರಾಜನ ಹೆಸರೇ ಇದೆ. ಅಲ್ಲಿನ ಓಟದ ಟ್ರ್ಯಾಕ್ ಯಾರಿಗೆ ಎಷ್ಟು ಹೊತ್ತು ಎಂದು ಅಥ್ಲೀಟುಗಳಿಗೂ ಫುಟ್‌ಬಾಲಿನವರಿಗೂ ಜಗಳವಾಗಿದೆ, ಕಂಪನಿ ಅಲ್ಲಿಗೆ ದಾನಕ್ಕೆ ಬಂದದ್ದೂ ಅಲ್ಲ. ಆದರೂ ಬಂದಿದೆ, ಹತ್ತು ವರ್ಷ ದಾಟಿ ಉಳಿದಿದೆ.