ಒಂಟಿ ತೋಳದ ಸಾಕ್ಷ್ಯ: ಧಾರವಾಡ ಸೀಮೆಯ ಬೇಟೆ ಬರಹ ಮತ್ತು ವನ್ಯಜೀವಿ ಸಂಶೋಧನೆ

1

ವಾಲ್ಟರ್ ಎಲಿಯಟ್ (1803–1887) ಎಂಬ ಹೆಸರು ಕನ್ನಡ ಸಂಶೋಧಕರಿಗೆ ಶಾಸನಗಳ ಮೂಲಕ ಪರಿಚಿತವಾದುದು. ದಕ್ಷಿಣ ಮರಾಠಾ ಸೀಮೆಯಲ್ಲಿ ಕಂಪನಿ ಸರಕಾರದ ಅಧಿಕಾರಿಯಾಗಿದ್ದಾಗ ಆತ ಮಾಡಿಸಿದ ನೂರಾರು ಶಾಸನಗಳ ಪ್ರತಿಗಳು ಚಾಲುಕ್ಯ ಚರಿತ್ರೆಯ ಆಧುನಿಕ ಅಧ್ಯಯನಕ್ಕೆ ಆರಂಭದ ಸಾಮಗ್ರಿಯಾದವು. 1824ರ ಕಿತ್ತೂರು ಕದನದಲ್ಲಿ ಥ್ಯಾಕರೆ ಹತನಾದಾಗ ಸ್ಟೀವನ್‌ಸನ್ನನೊಡನೆ ಸೆರೆಸಿಕ್ಕ ತರುಣ ಅಧಿಕಾರಿಯೂ ಈತನೇ. ಇದೇ ಎಲಿಯಟ್ 1839ರಲ್ಲಿ ‘ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್’ ಪತ್ರಿಕೆಯಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಇಲ್ಲಿನ ಭಾಷೆಗಳ ಹೆಸರುಗಳ ಸಹಿತ ಪ್ರಕಟಿಸಿದನು. ಅದರ ಕಡೆಗೆ ನಮ್ಮ ಸಾಹಿತ್ಯ ವಿಮರ್ಶೆಯ ಗಮನ ಅಷ್ಟಾಗಿ ಹರಿದಿಲ್ಲ.

ಬೇಟೆಗಾರ ಮತ್ತು ವನ್ಯಜೀವಿ ಸಂಶೋಧಕರ ನಡುವಿನ ವಾಗ್ವಾದವನ್ನು ನಾವು ಸಾಮಾನ್ಯವಾಗಿ ಎರಡು ಪಕ್ಷಗಳ ವಾದವೆಂದು ಓದುತ್ತೇವೆ. ‘ಮೃಗವನ್ನು ಹೆಜ್ಜೆ ಹಿಡಿದು ಬಲ್ಲವನು ನಾನು’ ಎಂಬುದು ಬೇಟೆಗಾರನ ನಿಲುವು. ‘ನಿನ್ನದು ಕಥೆ, ನನ್ನದು ಎಣಿಕೆ’ ಎಂಬುದು ಸಂಶೋಧಕನ ನಿಲುವು. ಎಲಿಯಟ್‌ನ ಬರಹದಲ್ಲಿ ತೋಳವನ್ನು ಕುರಿತ ಭಾಗವನ್ನು ಓದಿದಾಗ ಈ ವಾದದಲ್ಲಿ ಮೂರನೆಯ ಪಕ್ಷವೊಂದು ಮೊದಲಿನಿಂದಲೂ ಇದ್ದುದು ಕಾಣುತ್ತದೆ. ಆ ಪಕ್ಷ ಕುರಿಗಾರನದು. ಆತನ ಮಾತು ಬರಹದಿಂದ ಜಾರಿಹೋದ ಬಗೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

2

ಎಲಿಯಟ್‌ನ ತೋಳದ ಟಿಪ್ಪಣಿ ಚಿಕ್ಕದು. ಅದರಲ್ಲಿ ಕನಿಷ್ಠ ಮೂರು ಬಗೆಯ ಸಾಕ್ಷ್ಯಗಳಿವೆ. ಮೊದಲನೆಯದು ಕಣ್ಣಾರೆ ಕಂಡದ್ದು. ತೋಳಗಳು ಗುಂಪಾಗಿ ಚಿಂಕಾರದ ಬೆನ್ನಟ್ಟುವುದನ್ನು ತಾನು ನೋಡಿರುವುದಾಗಿ ಆತ ಬರೆಯುತ್ತಾನೆ. ಮೂರು ತೋಳಗಳು ಹಿಂಡನ್ನು ಒಂದು ಕೊರಕಲಿನ ಕಡೆಗೆ ಅಟ್ಟಿದಾಗ ಅಲ್ಲಿ ಹೊಂಚುಹಾಕಿದ್ದ ಇನ್ನೆರಡು ಒಂದು ಹೆಣ್ಣನ್ನು ಹಿಡಿದ ಪ್ರಸಂಗವೂ ಇದೆ. ಆ ಬೇಟೆಯನ್ನು ತೋಳಗಳಿಂದ ಕಸಿದುಕೊಳ್ಳಲಾಯಿತೆಂಬ ವಿವರವನ್ನು ಆತ ಯಾವ ಸಂಕೋಚವೂ ಇಲ್ಲದೆ ಸೇರಿಸುತ್ತಾನೆ. ವೀಕ್ಷಣೆ ಮತ್ತು ಬೇಟೆಯ ಪಾಲು ಇಲ್ಲಿ ಒಂದೇ ವಾಕ್ಯದಲ್ಲಿವೆ.

ಎರಡನೆಯದು ರೈತರ ನಂಬಿಕೆ. ಮರೆಯಿಲ್ಲದ ಬಯಲಿನಲ್ಲಿ ತೋಳಗಳು ನೆಲ ಕೆದರಿ ಕುಳಿಮಾಡಿ ಒಂದನ್ನು ಅದರಲ್ಲಿ ಅಡಗಿಸುತ್ತವೆ, ಉಳಿದವು ಚಿಗರಿಯ ಹಿಂಡನ್ನು ಅದರತ್ತ ಓಡಿಸುತ್ತವೆ ಎಂಬ ಮಾತನ್ನು ಆತ ದಾಖಲಿಸುತ್ತಾನೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಬಯಲನ್ನು ಕಂಡವರಿಗೆ ಈ ನಂಬಿಕೆ ಹುಟ್ಟಿದ ನೆಲ ಎಂಥದೆಂದು ವಿವರಿಸಬೇಕಾಗಿಲ್ಲ. ಮೂರನೆಯದು ಕುರಿಗಾರರ ಹೇಳಿಕೆ. ಗುಂಪಿನ ಕೆಲವು ತೋಳಗಳು ನಾಯಿಗಳನ್ನು ತಮ್ಮತ್ತ ಸೆಳೆದು ಕಾದಾಡುತ್ತಿರುವಾಗ ಉಳಿದವು ಕುರಿಯನ್ನು ಹೊತ್ತೊಯ್ಯುತ್ತವೆ ಎಂದು ಅವರು ಹೇಳುತ್ತಾರೆ. ಬೆನ್ನಟ್ಟಿದರೆ ಮತ್ತೆ ಇದೇ ಉಪಾಯವನ್ನು ಅನುಸರಿಸುತ್ತವೆಂಬುದನ್ನೂ ಸೇರಿಸುತ್ತಾರೆ. ತಾನು ಕಂಡದ್ದು, ರೈತರು ನಂಬಿರುವುದು, ಕುರಿಗಾರರು ಹೇಳುವುದು ಎಂಬ ಭೇದವನ್ನು ಎಲಿಯಟ್ ಅಳಿಸುವುದಿಲ್ಲ. ವಸಾಹತು ಕಾಲದ ಅಧಿಕಾರಿಯ ಬರಹದಲ್ಲಿ ಇದು ಸಣ್ಣ ಗುಣವಲ್ಲ.

ಒಬ್ಬಂಟಿಯಾಗಿ ತಿರುಗುವ ದೊಡ್ಡ ತೋಳಕ್ಕೆ ಕನ್ನಡಿಗರು ಬೇರೆಯೇ ಹೆಸರಿಟ್ಟಿದ್ದಾರೆಂದೂ ಅದನ್ನು ಬಲು ಕ್ರೂರವೆಂದು ಎಣಿಸುತ್ತಾರೆಂದೂ ಆತ ಬರೆಯುತ್ತಾನೆ. ‘ವನ್‌-ತೋಳ’ ಎಂದು ರೋಮನ್ ಲಿಪಿಯಲ್ಲಿ ಉಳಿದಿರುವ ಆ ಹೆಸರು ನಮ್ಮ ‘ಒಂಟಿ ತೋಳ’ವೇ. ಇದನ್ನು ಕೇವಲ ಪದವೆಂದು ನೋಡಲಾಗದು. ಒಂಟಿ ತೋಳವನ್ನು ಗುಂಪಿನ ತೋಳದಿಂದ ಬೇರ್ಪಡಿಸಿದವರು ಪ್ರಾಣಿಯ ನಡತೆಯನ್ನು ವರ್ಗೀಕರಿಸುತ್ತಿದ್ದರು. ಅಂದರೆ ಎಲಿಯಟ್ ಇಲ್ಲಿಂದ ಒಯ್ದುದು ಹೆಸರನ್ನಷ್ಟೇ ಅಲ್ಲ, ಒಂದು ವಿಶ್ಲೇಷಣೆಯನ್ನೂ ಒಯ್ದನು.

ಇದೇ ಟಿಪ್ಪಣಿಯಲ್ಲಿ ಕಠೋರವಾದ ಸಂಗತಿಯೊಂದೂ ಇದೆ. 1824ರಲ್ಲಿ ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳಿಗೆ ಆಹುತಿಯಾದರೆಂದು ಆತ ಹೇಳುತ್ತಾನೆ. ಕಿತ್ತೂರಿನ ವರ್ಷವೆಂದೇ ನಾವು ನೆನೆಯುವ 1824ಕ್ಕೆ ಈ ಮನೆಗಳ ದುಃಖದ ಚರಿತ್ರೆಯೂ ಉಂಟು. ತೋಳದ ಪರವಾಗಿ ಇಂದು ಬರೆಯುವವರು ಈ ಸಾಲನ್ನು ದಾಟಿಹೋಗುವಂತಿಲ್ಲ.

3

ಜ್ಞಾನವನ್ನು ಕೊಟ್ಟವರ ಹೆಸರು ಹೇಗೆ ಮರೆಯಾಗುತ್ತದೆಂಬುದಕ್ಕೆ ಒಂದು ಚಿಕ್ಕ ಪ್ರಾಣಿಯ ನಿದರ್ಶನ ಸಾಕು. ಎಲಿಯಟ್ ಕಳುಹಿಸಿದ ಸಾಮಗ್ರಿಯ ಆಧಾರದಿಂದ 1837ರಲ್ಲಿ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ ಒಂದು ಪೊದೆ ಇಲಿಗೆ ‘ಗೊಲುಂಡ ಎಲಿಯೊಟೈ’ ಎಂದು ಹೆಸರಿಟ್ಟನು. ಕುಲನಾಮ ‘ಗುಲಂದಿ’ ಎಂಬ ಕನ್ನಡ ಪದದಿಂದ ಬಂದುದು. ಪ್ರಭೇದದ ನಾಮ ಅಧಿಕಾರಿಯದು. ಇನ್ನೊಂದು ಇಲಿಯ ‘ಮೆಲ್ಟಾಡ’ ಎಂಬ ನಾಮ ಒಡ್ಡರ ಮಾತಿನದು. ಇಲಿಯನ್ನು ಬಿಲದಿಂದ ಅಗೆದು ತಂದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ತೋಳದ ವಿಷಯದಲ್ಲಿ ಈ ಮರೆವು ಹೆಚ್ಚು ಹಾನಿಕರವಾಯಿತು. ಎಲಿಯಟ್‌ನ ನಂತರದ ವಸಾಹತು ಆಡಳಿತ ತೋಳವನ್ನು ಬಹುಮಾನದ ತಲೆಯಾಗಿ ಕಂಡಿತು. ಚರಿತ್ರಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು ಮತ್ತು ಸುಮಾರು 2,00,000 ತೋಳಗಳು ಕೊಲ್ಲಲ್ಪಟ್ಟವು. ಸಂಖ್ಯೆಯಲ್ಲಿ ತೋಳವೇ ಮೊದಲು. ಬೇಟೆಯ ಸಾಹಿತ್ಯದಲ್ಲಿ ಅದಕ್ಕೆ ಕೊನೆಯ ಸ್ಥಾನವೂ ಸಿಕ್ಕಿಲ್ಲ.

4

ಈ ವೈಷಮ್ಯಕ್ಕೆ ಕಾರಣವೇನು? ಕನ್ನಡದ ಬೇಟೆ ಬರಹ ಬಹುಪಾಲು ಕಾಡಿನ ಬರಹ. ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಪುತ್ತೂರು ಸೀಮೆಯ ಕಾಡಿನಿಂದ ಬಂದುದು. ಕೆನ್ನೆತ್ ಆಂಡರ್ಸನ್ನನ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅಲ್ಲಿಯೂ ಹುಲಿ, ಚಿರತೆ, ಆನೆಗಳೇ ಪ್ರಧಾನ. ಇಂಥ ಕಥನಕ್ಕೆ ಮರದ ಮೇಲಿನ ಅಟ್ಟಣಿಗೆ ಬೇಕು, ಕತ್ತಲೆ ಬೇಕು, ಹೆಸರು ಪಡೆದ ಒಬ್ಬ ನರಭಕ್ಷಕ ಬೇಕು. ಧಾರವಾಡ ಜಿಲ್ಲೆಯಲ್ಲಿ ಕಲಘಟಗಿಯ ಮಲೆನಾಡ ಸೆರಗು ಇಂಥ ಕಥೆಗೆ ಒದಗಬಹುದು. ಎರೆಬಯಲಿನಲ್ಲಿ ಅಟ್ಟಣಿಗೆ ಕಟ್ಟಲು ಮರವೇ ಇಲ್ಲ.

ಬಯಲಿನ ಬೇಟೆ ಊರಿನ ಬೇಟೆ. ಅದರ ದಾಖಲೆ ಗಾದೆಯಲ್ಲಿದೆ: ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.’ ಈ ಗಾದೆಯನ್ನು ನಾವು ಬಿದ್ದವನ ಮೇಲೆ ಎಲ್ಲರೂ ಎರಗುವರೆಂಬ ನೀತಿಗೆ ಬಳಸುತ್ತೇವೆ. ಅಕ್ಷರಶಃ ಓದಿದರೆ ಅದು ಬಯಲುಸೀಮೆಯ ಬೇಟೆಯ ವರ್ಣನೆ. ಅಲ್ಲಿ ಕೋವಿಯಿಲ್ಲ, ನಾಯಕನಿಲ್ಲ, ನಿರೂಪಕನೂ ಇಲ್ಲ. ಎಲ್ಲರ ಕೈಯಲ್ಲಿ ಕಲ್ಲಿರುವ ಕೃತ್ಯಕ್ಕೆ ಆತ್ಮಕಥನ ಹುಟ್ಟುವುದಿಲ್ಲ.

ಬಂದೂಕಿನ ಸಾಹೇಬ, ಬಲೆಯ ಹರಣಶಿಕಾರಿ, ಕಲ್ಲಿನ ಕುರಿಗಾರ ಈ ಮೂವರನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಒಂದೇ ಪದದಡಿಯಲ್ಲಿ ತಂದಿತು. ತೋಳ ಕಾಯಿದೆಯ ಒಂದನೆಯ ಅನುಸೂಚಿಯ ರಕ್ಷಣೆ ಪಡೆಯಿತು. ಕಾನೂನಿಗೆ ಇಂಥ ಏಕರೂಪತೆ ಅನಿವಾರ್ಯವಾಗಿರಬಹುದು. ವಿಮರ್ಶೆಗೆ ಅದು ಅನಿವಾರ್ಯವಲ್ಲ. ಒಬ್ಬನಿಗೆ ಬೇಟೆ ವಿನೋದ, ಇನ್ನೊಬ್ಬನಿಗೆ ಅನ್ನ, ಮತ್ತೊಬ್ಬನಿಗೆ ಮಂದೆಯ ಕಾವಲು.

ಸಂಶೋಧಕ ಮತ್ತು ಹಳ್ಳಿಯ ಬಲ್ಲವರನ್ನು ಎದುರುಬದುರು ಕೂರಿಸಿದ ಕನ್ನಡ ಕೃತಿಯೆಂದರೆ ತೇಜಸ್ವಿಯವರ ‘ಕರ್ವಾಲೊ’ (1980). ಅಲ್ಲಿನ ವಿಜ್ಞಾನಿಗೆ ಹಾರುವ ಓತಿಯ ಸುಳಿವು ದೊರೆಯುವುದು ಊರವರು ಲೆಕ್ಕಕ್ಕೆ ತೆಗೆದುಕೊಳ್ಳದ ಮಂದಣ್ಣನಿಂದ. ಕರ್ವಾಲೊ ಆತನನ್ನು ಮಾಹಿತಿದಾರನೆಂದು ಬಳಸಿ ಬಿಡುವುದಿಲ್ಲ, ನಿಸರ್ಗವಿಜ್ಞಾನಿಯೆಂದೇ ಗೌರವಿಸುತ್ತಾನೆ. ಕಾದಂಬರಿಯ ಈ ನಿಲುವನ್ನು ನಮ್ಮ ವಿಮರ್ಶೆ ಪರಿಸರಪ್ರಜ್ಞೆಯೆಂಬ ಸಡಿಲ ಪದದಲ್ಲಿ ಮುಗಿಸಿಬಿಟ್ಟಿದೆ. ವಾಸ್ತವವಾಗಿ ಅದು ಸಂಶೋಧನಾ ವಿಧಾನವನ್ನು ಕುರಿತ ಪ್ರಶ್ನೆ. ಮಲೆನಾಡಿನ ಓತಿಗೆ ಒಬ್ಬ ಮಂದಣ್ಣ ಸಿಕ್ಕಿದನು. ಬಯಲಿನ ತೋಳಕ್ಕೆ ಇನ್ನೂ ಸಿಕ್ಕಿಲ್ಲ.

5

ಬೇಟೆಗಾರರ ತೀರ್ಪನ್ನು ಸಂಶೋಧನೆ ತಿದ್ದಿದ ನಿದರ್ಶನಗಳು ನಿರ್ವಿವಾದ. ಕಾಡುನಾಯಿ ಬೇಟೆಗಾರರ ಬರಹದಲ್ಲಿ ಕೇವಲ ಕ್ರೌರ್ಯದ ಮೂರ್ತಿಯಾಗಿತ್ತು, ಅದನ್ನು ಕೊಂದವರಿಗೆ ಬಹುಮಾನವಿತ್ತು. 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಅದರ ಜೀವನವನ್ನು ಅಭ್ಯಸಿಸಿದ ಮೇಲೆ ಆ ಚಿತ್ರ ಬದಲಾಯಿತು. ತೋಳವನ್ನು ಕುರಿತು ಗುಜರಾತಿನ ವೇಳಾವದರ್‌ನಲ್ಲಿ ವೈ. ವಿ. ಝಾಲಾ ಅವರೂ ಸೊಲ್ಲಾಪುರದ ಸಮೀಪದ ನಾನ್ನಜ್‌ನಲ್ಲಿ ಸತೀಶ್ ಕುಮಾರ್ ಮತ್ತು ಅಸದ್ ರಹಮಾನಿ ಅವರೂ ಮಾಡಿದ ಅಧ್ಯಯನಗಳು ಅದರ ಆಹಾರ ಮತ್ತು ನಡತೆಗಳನ್ನು ತಿಳಿಯಾಗಿಸಿವೆ. ಭಾರತದ ತೋಳ ಜಗತ್ತಿನ ತೋಳಗಳಲ್ಲಿಯೇ ಬಹು ಪ್ರಾಚೀನ ಕವಲೆಂದು ಇತ್ತೀಚಿನ ವಂಶವಾಹಿ ಅಧ್ಯಯನಗಳು ತೋರಿಸಿವೆ. ದೇಶದಲ್ಲಿ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸಿನಲ್ಲಿವೆ ಎಂಬುದು ಅಂದಾಜು.

ಇವುಗಳ ಮಹತ್ತ್ವವನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಹೊಸ ಬರಹದಲ್ಲಿ ಕುರಿಗಾರ ಹೆಚ್ಚಾಗಿ ‘ಹಾನಿ’ಯ ಕಾಲಂನಲ್ಲಿ ಕಾಣಿಸಿಕೊಳ್ಳುತ್ತಾನೆ. ಎಷ್ಟು ಕುರಿ ಹೋದವು, ಎಷ್ಟು ಪರಿಹಾರ ಬಂತು ಎಂಬಲ್ಲಿಗೆ ಆತನ ಪಾತ್ರ ಮುಗಿಯುತ್ತದೆ. ನಾಯಿಗಳನ್ನು ಮರುಳುಮಾಡುವ ತೋಳದ ಉಪಾಯವನ್ನು ಕುರಿತು ಎರಡು ಶತಮಾನಗಳ ಹಿಂದೆ ಸಾಕ್ಷ್ಯ ನುಡಿದವನು ಈಗ ಅರ್ಜಿದಾರ. ಮೇವಿಗಾಗಿ ಊರಿಂದೂರಿಗೆ ಮಂದೆ ನಡೆಸುವವನಿಗೆ ಅರ್ಜಿ, ಪಂಚನಾಮೆಗಳಿಗಾಗಿ ಒಂದೆಡೆ ನಿಲ್ಲುವುದೂ ಸುಲಭವಲ್ಲ.

ಕುರಿಗಾರನನ್ನು ಆದರ್ಶೀಕರಿಸುವುದೂ ತಪ್ಪಾದೀತು. ಗವಿಗೆ ಹೊಗೆಹಾಕಿ ಮರಿಗಳನ್ನು ಕೊಲ್ಲುವ ರೂಢಿ ದಖ್ಖನಿನ ಬಯಲಿನಲ್ಲಿ ಇದ್ದುದು ಸುಳ್ಳಲ್ಲ. ಆದರೂ ತೋಳ ಕ್ಷೀಣಿಸಿದ್ದಕ್ಕೆ ಆತನೊಬ್ಬನೇ ಹೊಣೆಯಲ್ಲ. 1970ರ ದಶಕದಿಂದ ಮಲಪ್ರಭೆಯ ಕಾಲುವೆ ನವಲಗುಂದದ ಒಣಬೇಸಾಯದ ನೆಲಕ್ಕೆ ನೀರು ತಂದಿತು. ಬೀಳುಭೂಮಿ ಸಾಗುವಳಿಗೆ ಬಂದಂತೆ ತೋಳದ ನೆಲವೂ ಮಂದೆಯ ಮೇವೂ ಒಟ್ಟಿಗೆ ಕಿರಿದಾಗುತ್ತವೆ. ಈ ನಷ್ಟದಲ್ಲಿ ತೋಳ ಮತ್ತು ಕುರಿಗಾರ ಒಂದೇ ಪಕ್ಷದವರು.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶ ಇತ್ತೀಚೆಗೆ ತೋಳಧಾಮವಾಗಿದೆ. ನವಿಲುಧಾಮದ ಬಂಕಾಪುರ ಬೇರೆ, ಅದು ಹಾವೇರಿ ಜಿಲ್ಲೆಯದು. ತೋಳಧಾಮ ಸ್ವಾಗತಾರ್ಹ ಹೆಜ್ಜೆ. ಆದರೆ ತೋಳ ಬೇಲಿಯೊಳಗೆ ನಿಲ್ಲುವ ಪ್ರಾಣಿಯಲ್ಲ. ಧಾಮದ ಹೊರಗಿನ ಹೊಲ, ಹುಲ್ಲುಗಾವಲುಗಳಲ್ಲಿ ಅದರ ಉಳಿವು ಮಂದೆಯವರ ಸಹನೆಯನ್ನು ಅವಲಂಬಿಸಿದೆ. ಆ ಸಹನೆಯನ್ನು ಕೇಳುವ ಸಂಶೋಧನೆ ಅವರ ಮಾತನ್ನೂ ಕೇಳಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟು ಈ ಸೀಮೆ ತನ್ನ ಬಯಲಿನ ಒಂದು ಪ್ರಾಣಿಯನ್ನು ನೆನೆದಿದೆ. ಚೀತಾಕ್ಕೆ ಇದ್ದ ‘ಸಿವಂಗಿ’ ಎಂಬ ಹೆಸರು ಪ್ರಾಣಿಯೊಡನೆ ಬಳಕೆಯಿಂದ ಮರೆಯಾಗುತ್ತ ಬಂದಿದೆ. ‘ಒಂಟಿ ತೋಳ’ವೂ ಆ ಹಾದಿ ಹಿಡಿಯಬಾರದೆಂದಾದರೆ ಮಾಡಬೇಕಾದ ಕೆಲಸ ನಮ್ಮ ಜಾನಪದ ಹಾಗೂ ಭಾಷಾ ಸಂಶೋಧನೆಯ ವ್ಯಾಪ್ತಿಯಲ್ಲಿಯೇ ಇದೆ. ಧಾರವಾಡ ಜಿಲ್ಲೆಯ ಕುರಿಗಾರರ ಮೃಗಜ್ಞಾನವನ್ನು, ಅದರ ಪದಕೋಶದೊಡನೆ, ಹೇಳಿದವರ ಹೆಸರಿನಲ್ಲಿಯೇ ಸಂಗ್ರಹಿಸಬೇಕಾಗಿದೆ. ಶಾಸನಗಳ ವಿಷಯದಲ್ಲಿ ಎಲಿಯಟ್ ಆರಂಭಿಸಿದ್ದನ್ನು ಕನ್ನಡ ವಿದ್ವಾಂಸರು ತಿದ್ದಿ ಬೆಳೆಸಿದರು. ತೋಳದ ವಿಷಯದಲ್ಲಿ ಆ ತಿದ್ದುವಿಕೆ ಇನ್ನೂ ಬಾಕಿಯಿದೆ.